ಟೊರೆಂಟ್ ಎನ್‌ಕ್ರಿಪ್ಷನ್ ಸೆಟ್ಟಿಂಗ್: ಶನಿವಾರದೊಳಗ ನೋಡಿಕೊಳ್ರಿ

ಎಲ್ಲರಿಗೂ ಶರಣ್ರಿ. ಭಾನುವಾರ ಬೆಳಿಗ್ಗೆ 10ಕ್ಕೆ ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಕೋಣೆಯಲ್ಲಿ ಕಂಪ್ಯೂಟರ್‌ಗೆ ಉಬುಂಟು (ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕುವ ಶಿಬಿರ ಅದ. ಅದರ ಐಎಸ್ಒ ಫೈಲನ್ನು (ಇನ್‌ಸ್ಟಾಲ್ ಮಾಡುವ ಫೈಲು) ಟೊರೆಂಟ್ ಮೂಲಕ, ಅಂದ್ರ ಬಳಕೆದಾರರೇ ಒಬ್ಬರಿಂದೊಬ್ಬರಿಗೆ ಫೈಲ್ ಹಂಚುವ ವಿಧಾನದಲ್ಲಿ, ಮನೆಯಿಂದ ಸೀಡ್ ಮಾಡುವವರು (ಬೇರೆಯವರಿಗೆ ಕೊಡುವವರು) ಶನಿವಾರ ರಾತ್ರಿಯೊಳಗ ಕ್ಯೂಬಿಟ್‌ಟೊರೆಂಟ್ ಅನ್ನುವ ಟೊರೆಂಟ್ ತಂತ್ರಾಂಶದಲ್ಲಿ ಇಷ್ಟು ಮಾಡ್ರಿ.

ಟೂಲ್ಸ್ → ಆಪ್ಷನ್ಸ್ → ಬಿಟ್‌ಟೊರೆಂಟ್. ಅಲ್ಲಿ 'ಪ್ರೈವಸಿ' ಕೆಳಗ 'ಎನ್‌ಕ್ರಿಪ್ಷನ್ ಮೋಡ್' ಇರ್ತದ (ಎನ್‌ಕ್ರಿಪ್ಷನ್ ಅಂದ್ರ ಡೇಟಾವನ್ನು ಬೇರೆಯವರು ಓದಲಾಗದಂಗ ಬದಲಿಸೋದು). 'ಅಲೋ ಎನ್‌ಕ್ರಿಪ್ಷನ್' ಇಟ್ಟರೆ ಸಾಕು. ಬಹಳ ಮಂದಿ 'ರಿಕ್ವೈರ್' ಹಾಕಿಬಿಡ್ತಾರ, ಹೆಚ್ಚು ಭದ್ರ ಅಂತ. ಹಂಗ ಮಾಡಿದರೆ ಎನ್‌ಕ್ರಿಪ್ಷನ್ ಇಲ್ಲದ ಪೀರ್‌ಗಳ (ಅದೇ ಫೈಲನ್ನು ಹಂಚಿಕೊಳ್ಳುವ ಬೇರೆ ಕಂಪ್ಯೂಟರ್‌ಗಳ) ಜೊತೆ ಸಂಪರ್ಕವೇ ಆಗೋದಿಲ್ಲ. ಸೀಡರ್ ಕಡಿಮೆ ಇದ್ದರೆ ಡೌನ್‌ಲೋಡ್ ನಡುವೆಯೇ ನಿಲ್ತದ. ಬ್ರೌಸರ್‌ನಲ್ಲಿ ಪೂರ್ತಿ ವೇಗ, ಸೀಡರ್ ಸಾಕಷ್ಟಿದ್ದರೂ ಟೊರೆಂಟ್ ಮಾತ್ರ ತೆವಳ್ತದ ಅನ್ನುವವರಿಗೆ ಇಂಟರ್ನೆಟ್ ಕಂಪನಿಯೇ ಟೊರೆಂಟ್ ಗುರುತಿಸಿ ನಿಧಾನ ಮಾಡ್ತಿರಬಹುದು; ಅವರು 'ರಿಕ್ವೈರ್' ಹಾಕಿ ನೋಡ್ರಿ, ಫರಕು ಬೀಳದಿದ್ದರೆ ವಾಪಸ್ ಬದಲಿಸ್ರಿ.

ಎನ್‌ಕ್ರಿಪ್ಷನ್ ಟೊರೆಂಟ್ ಡೇಟಾದ ಗುರುತು ಮರೆಮಾಡ್ತದ, ಅಷ್ಟೇ. ನಿಮ್ಮ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತು ಸಂಖ್ಯೆ) ಪೀರ್‌ಗಳಿಗೆ ಕಾಣ್ತದ. ಇದನ್ನು ವಿಪಿಎನ್ (ಐಪಿ ವಿಳಾಸ ಮರೆಮಾಡುವ ಸೇವೆ) ಅಂತ ತಿಳಿಯಬ್ಯಾಡ್ರಿ.

'ಕನೆಕ್ಷನ್' ಪುಟದಲ್ಲಿ ಪೋರ್ಟ್ (ಒಳಬರುವ ಸಂಪರ್ಕಕ್ಕೆ ಬಾಗಿಲಿನಂಥ ಸಂಖ್ಯೆ) 6881 ಇದ್ದರೆ 49152–65535ರೊಳಗಿನ ಒಂದಕ್ಕೆ ಬದಲಿಸ್ರಿ. ಮೊಬೈಲ್ ಹಾಟ್‌ಸ್ಪಾಟ್‌ನವರಿಗೆ ಸಾಮಾನ್ಯವಾಗಿ ಒಳಬರುವ ಸಂಪರ್ಕ ಸಿಗೋದಿಲ್ಲ, ಅವರು ಸೀಡ್ ಮಾಡೋದು ಬ್ಯಾಡ.

ಆದವರು 'ಆಯ್ತು' ಅಂತ ಹಾಕ್ರಿ. ತೊಡಕಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ಕಳಿಸ್ರಿ, ಐಪಿ ಮುಚ್ಚಿ.