ವಾಲ್ವ್ ಆಪರೇಷನ್: ಹೆಂಗಸರಿಗೆ ಅರ್ಧ ಮಾತ್ರ ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಹೃದಯದ ವಾಲ್ವ್ ಬದಲಾವಣೆಯ ಬಗ್ಗೆ ಬಂದ ಬರಹ ಓದಿದೆ. ಎದೆ ತೆರೆದು ಮಾಡುವ ಆಪರೇಷನ್‌ನಲ್ಲಿ ಗಂಡಸರಿಗಿಂತ ಹೆಂಗಸರಿಗೆ ಅಪಾಯ ಜಾಸ್ತಿ ಎಂದು ಅದರಲ್ಲಿತ್ತು. ಮಾತು ಸುಳ್ಳಲ್ಲ. ಆದರೆ ಯಾಕೆ ಜಾಸ್ತಿ ಎಂದು ಒಂದು ಸಾಲೂ ಇರಲಿಲ್ಲ. ಕಾಪುವಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮೀನು ಮಾರುವ ಹೆಂಗಸೊಬ್ಬರು ರವಿಕೆ ಹೊಲಿಸಲು ಬರುತ್ತಾರೆ. ಅವರಿಗೆ ಆಪರೇಷನ್‌ಗೆ ದಿನ ಗೊತ್ತಾಗಿದೆ. ಆ ಪೇಪರ್ ಹಿಡಿದುಕೊಂಡೇ ಬಂದು, "ನಮಗೆ ಆಗಿಬರುವುದಿಲ್ಲ ಅಂತ ಬರೆದಿದ್ದಾರಲ್ಲ, ಇನ್ನು ಎಂತಕ್ಕೆ ಮಾಡಿಸುವುದು?" ಎಂದರು. ಅದಕ್ಕೇ ಈ ಪತ್ರ.

ನನ್ನ ಎದೆಯಲ್ಲೂ ಒಂದು ವಾಲ್ವ್ ಇದೆ, ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ರೂಪಿಸಿ, 1990ರಲ್ಲಿ ಮೊದಲು ರೋಗಿಯೊಬ್ಬರಿಗೆ ಹಾಕಿದ ನಮ್ಮ ದೇಶದ್ದೇ ವಾಲ್ವ್ ಅದು. ನನಗೆ ಹಾಕಿದಾಗ 29 ವರ್ಷ. ಈಗ 51.

ಚಿಕ್ಕವಳಿದ್ದಾಗ ಗಂಟಲು ನೋವು ಬಂದು, ಆಮೇಲೆ ಮಂಡಿ ಊದಿಕೊಂಡಿತ್ತಂತೆ. ಅದು ರುಮ್ಯಾಟಿಕ್ ಜ್ವರ, ವಾಲ್ವ್‌ಗೆ ಏಟು ಬಿದ್ದಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಗೊತ್ತಾಗಿದ್ದು ನಾನು ಬಸುರಿಯಾದ ಮೇಲೆ. ಬಾವಿಯಿಂದ ಒಂದು ಕೊಡ ನೀರು ತಂದರೆ ಏದುಸಿರು. ಮಲಗಿದರೆ ದಮ್ಮು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ನಿದ್ದೆ. ತಿಂಗಳ ಚೆಕಪ್‌ಗೆ ಹೋಗುತ್ತಿದ್ದ ಕಡೆ ಹೇಳಿದರೆ, "ಚೊಚ್ಚಲ ಬಸುರಿ ಅಲ್ವಾ, ಹೀಗೆಲ್ಲ ಆಗುತ್ತದೆ" ಎಂದು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರು. ಹೊಟ್ಟೆ ಮುಟ್ಟಿ ನೋಡಿದರೇ ಹೊರತು ಎದೆಗೆ ಸ್ಟೆತೊಸ್ಕೋಪ್ ಇಡಲಿಲ್ಲ. ಬಸುರಿಯಲ್ಲಿ ಮೈಯ ರಕ್ತ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚುತ್ತದೆ. ಮೈಟ್ರಲ್ ವಾಲ್ವ್, ಅಂದರೆ ಶ್ವಾಸಕೋಶದಿಂದ ಬಂದ ರಕ್ತ ದಾಟುವ ಹೃದಯದ ಬಾಗಿಲು, ಕಿರಿದಾಗಿದ್ದರೆ ಅಷ್ಟು ರಕ್ತ ಮುಂದೆ ಹೋಗದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಏಳನೇ ತಿಂಗಳಲ್ಲಿ ನನಗೆ ಆದದ್ದು ಅದೇ. ರಾತ್ರಿ ಬಾಡಿಗೆ ಜೀಪಿನಲ್ಲಿ ಮಂಗಳೂರಿಗೆ ಹೊರಟೆವು. ಪಾವಂಜೆ ದಾಟುವಾಗ ಕೆಮ್ಮಿದರೆ ಸೀರೆ ಸೆರಗಿನ ಮೇಲೆ ಗುಲಾಬಿ ಬಣ್ಣದ ನೊರೆ ಬಿದ್ದಿತ್ತು.

ಮಗು ಉಳಿಯಿತು, ನಾನೂ ಉಳಿದೆ. ಆಮೇಲೆ ಎಕೋ (ಹೃದಯದ ಸ್ಕ್ಯಾನ್) ನೋಡಿದ ಡಾಕ್ಟರ್ ಹೇಳಿದ್ದು ಇವತ್ತಿಗೂ ನೆನಪಿದೆ. ವಾಲ್ವ್ ಮೆತ್ತಗಿದ್ದಾಗ ಬಂದಿದ್ದರೆ ತೊಡೆಯ ರಕ್ತನಾಳದಿಂದ ಬಲೂನ್ ಹಾಕಿ ಬಿಡಿಸಬಹುದಿತ್ತು, ಈಗ ಅದು ಗಟ್ಟಿಯಾಗಿ ಸೋರುತ್ತಲೂ ಇದೆ, ಬದಲಾಯಿಸದೆ ಬೇರೆ ದಾರಿ ಇಲ್ಲ ಎಂದರು.

ಹೆಂಗಸರ "ಅಪಾಯ" ಎಂದು ಬರೆಯುವಾಗ ಈ ತಡವನ್ನೂ ಬರೆಯಬೇಕು. ಆಪರೇಷನ್ ಟೇಬಲ್‌ಗೆ ಬರುವ ಹೊತ್ತಿಗೆ ಹೆಂಗಸರಿಗೆ ಸಾಮಾನ್ಯವಾಗಿ ವಯಸ್ಸೂ ಹೆಚ್ಚಾಗಿರುತ್ತದೆ, ಕಾಯಿಲೆಯೂ ಮುಂದುವರಿದಿರುತ್ತದೆ. ದೇಹದ ವ್ಯತ್ಯಾಸ ಇಲ್ಲ ಎನ್ನುವುದಿಲ್ಲ. ಮಹಾಪಧಮನಿಯ ವಾಲ್ವ್, ಅಂದರೆ ಅಯೋರ್ಟಿಕ್ ವಾಲ್ವ್ ಕೂರುವ ಜಾಗ ನಮ್ಮಲ್ಲಿ ಚಿಕ್ಕದು. ಚಿಕ್ಕ ವಾಲ್ವ್ ಕೂರಿಸಿದರೆ ಮೈಗೆ ಬೇಕಾದಷ್ಟು ರಕ್ತ ಹೋಗಲು ಜಾಗ ಸಾಲದೆ ಬರಬಹುದು. ಆದರೆ ಅಳತೆಗೋಲಿನ ವಿಷಯವೂ ಇದೆ. ವಾಲ್ವ್ ಗಂಡಸರದ್ದರಷ್ಟೇ ಕಿರಿದಾಗಿದ್ದರೂ ಹೆಂಗಸರಲ್ಲಿ ಅದಕ್ಕೆ ಸುಣ್ಣ (ಕ್ಯಾಲ್ಸಿಯಂ) ಕಟ್ಟುವುದು ಕಡಿಮೆ. ಅದಕ್ಕೇ ಸಿಟಿ ಸ್ಕ್ಯಾನ್‌ನ ಕ್ಯಾಲ್ಸಿಯಂ ಅಂಕ ಗಂಡಸರಿಗೆ 2000 ದಾಟಿದರೆ ತೀವ್ರ ಎನ್ನುವುದಾದರೆ, ಹೆಂಗಸರಿಗೆ 1200ಕ್ಕೇ ತೀವ್ರ. ಎಕೋದಲ್ಲೂ ನಮ್ಮ ಪುಟ್ಟ, ದಪ್ಪಗಾದ ಹೃದಯ ತಳ್ಳುವ ರಕ್ತ ಕಡಿಮೆ ಆಗಿ ವಾಲ್ವ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಅಂಕಿ ಕೆಳಗೆ ಬರಬಹುದು. ಅಂಕಿ ಒಂದನ್ನೇ ನೋಡಿದವರಿಗೆ ಕಾಯಿಲೆ ಸಣ್ಣದು ಎನಿಸುತ್ತದೆ. ಹೀಗೆ ಮತ್ತೂ ತಡ.

ಒಳ್ಳೆಯ ಸುದ್ದಿಯನ್ನೂ ಆ ಬರಹ ಬಿಟ್ಟಿತ್ತು. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಅಯೋರ್ಟಿಕ್ ವಾಲ್ವ್ ಕೂರಿಸುವ ಟಾವಿ ವಿಧಾನ 2002ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಯಿತು. ಯುರೋಪಿನ ಹಲವು ದೇಶಗಳಲ್ಲಿ ಹೆಂಗಸರನ್ನು ಮಾತ್ರ ಸೇರಿಸಿ ಟಾವಿ ಮತ್ತು ಆಪರೇಷನ್ ಹೋಲಿಸಿದ ಅಧ್ಯಯನ ಒಂದಿದೆ. ನರ್ಸಿಂಗ್ ಓದುವ ಮಗಳು ಅದನ್ನು ನನಗೆ ಬಿಡಿಸಿ ಹೇಳಿದಳು. ಒಂದು ವರ್ಷದೊಳಗೆ ಸಾವು, ಸ್ಟ್ರೋಕ್ ಅಥವಾ ಮತ್ತೆ ಆಸ್ಪತ್ರೆ ಸೇರುವುದು, ಇವುಗಳಲ್ಲಿ ಒಂದಾದರೂ ಆದದ್ದು ಟಾವಿಯಲ್ಲಿ ನೂರಕ್ಕೆ 8.9, ಆಪರೇಷನ್‌ನಲ್ಲಿ 15.6. ಮುಖ್ಯವಾಗಿ ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಟಾವಿಯಲ್ಲೂ ಹೆಂಗಸರಿಗೆ ತೊಡೆಯ ಹತ್ತಿರ ರಕ್ತಸ್ರಾವದ ತೊಂದರೆ ಗಂಡಸರಿಗಿಂತ ಜಾಸ್ತಿ, ಪೇಸ್‌ಮೇಕರ್ ಬೇಕಾಗುವುದೂ ಉಂಟು. ಅದನ್ನೂ ಹೇಳಲಿ. ಎರಡೂ ಕಡೆ ಗೊತ್ತಿದ್ದರೆ ನಮ್ಮ ಹೆಂಗಸರು ಸರಿಯಾದ ಪ್ರಶ್ನೆ ಕೇಳುತ್ತಾರೆ.

ಆದರೆ ಟಾವಿ ಹೆಚ್ಚಾಗಿ ವಯಸ್ಸಾದವರ ಮಾತು. ರುಮ್ಯಾಟಿಕ್ ಮೈಟ್ರಲ್ ಕಾಯಿಲೆ ಹಿಡಿಯುವುದು ಎಳೆಯ ವಯಸ್ಸಿನವರನ್ನು, ಅವರಲ್ಲಿ ಹೆಂಗಸರೇ ಜಾಸ್ತಿ. ನನ್ನದರಂಥ ಮೆಕ್ಯಾನಿಕಲ್ ವಾಲ್ವ್, ಅಂದರೆ ಲೋಹ, ಪ್ಲಾಸ್ಟಿಕ್‌ನಂಥದ್ದರಿಂದ ಮಾಡಿದ್ದು, ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೆ ವಾರ್ಫರಿನ್ ನುಂಗಬೇಕು. ನನ್ನ ಡಿಸ್‌ಚಾರ್ಜ್ ಕಾರ್ಡಿನಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಹೇಳುವ ಅಂಕಿ) 2.5ರಿಂದ 3.5ರ ಒಳಗಿರಲಿ ಎಂದಿತ್ತು. ಹಲ್ಲು ಕೀಳಿಸುವ ಮೊದಲು ತಿಳಿಸಿ ಎಂದಿತ್ತು. ಸೊಪ್ಪು ವಾರ್ಫರಿನ್‌ನ ಶಕ್ತಿ ತಗ್ಗಿಸುತ್ತದಂತೆ, ಅದಕ್ಕೆ ಬಸಳೆ, ಹರಿವೆ ಬೇಡ ಎಂದೂ ಇತ್ತು. (ಬಸಳೆ ಬಿಡಬೇಕಾಗಿಲ್ಲ, ವಾರ ವಾರ ಒಂದೇ ಅಳತೆಯಲ್ಲಿ ತಿನ್ನಿ ಎಂದು ಬೇರೆ ಡಾಕ್ಟರ್ ಆಮೇಲೆ ಹೇಳಿದರು. ಉಡುಪಿಯವಳಿಗೆ ಅದೂ ಒಂದು ದೊಡ್ಡ ಸಮಾಧಾನ.) ಮುಟ್ಟಿನ ಬಗ್ಗೆ ಒಂದಕ್ಷರ ಇರಲಿಲ್ಲ. ವಾರ್ಫರಿನ್ ಮೇಲೆ ಇರುವ ಹೆಂಗಸಿಗೆ ಮುಟ್ಟು ಎಂದರೆ ಎಂತದ್ದು ಎಂದು ಅನುಭವಿಸಿದವರಿಗೇ ಗೊತ್ತು. ಹಿಮೋಗ್ಲೋಬಿನ್ ಇಳಿದು, ಮೆಷಿನ್ ಪೆಡಲ್ ತುಳಿಯಲೂ ಶಕ್ತಿ ಇಲ್ಲದ ತಿಂಗಳುಗಳನ್ನು ನಾನು ಕಂಡಿದ್ದೇನೆ.

ಎರಡನೇ ಮಗುವಿನ ಆಸೆಯನ್ನೂ ಬಿಟ್ಟೆ. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಮಗುವಿಗೆ ಕೆಡುಕು ಮಾಡಬಹುದು, ಅದರ ಬದಲು ಹೆಪಾರಿನ್ ಇಂಜೆಕ್ಷನ್ ತೆಗೆದುಕೊಂಡರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಭಯ. ಹಲವು ದೇಶಗಳ ದಾಖಲೆ ಸೇರಿಸಿ 2015ರಲ್ಲಿ ಪ್ರಕಟವಾದ ವರದಿಯಲ್ಲಿ, ಮೆಕ್ಯಾನಿಕಲ್ ವಾಲ್ವ್ ಇದ್ದ 212 ಬಸುರಿಯರ ಪೈಕಿ ದೊಡ್ಡ ತೊಂದರೆ ಇಲ್ಲದೆ ಜೀವಂತ ಮಗು ಪಡೆದವರು ನೂರಕ್ಕೆ 58 ಮಾತ್ರ. ಗಂಡಸರ ಮತ್ತು ಹೆಂಗಸರ ಫಲಿತಾಂಶ ಹೋಲಿಸುವಾಗ ಇದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ? ಆಪರೇಷನ್ ಆಗಿ ಮೂವತ್ತು ದಿನದಲ್ಲಿ ಸತ್ತವರೆಷ್ಟು ಎಂದು ಎಣಿಸಿದರೆ ಇದ್ಯಾವುದೂ ಕಾಣುವುದಿಲ್ಲ.

ಮಂಗಳೂರು, ಮಣಿಪಾಲದಲ್ಲಿ ವಾಲ್ವ್ ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗಳಿವೆ. ಅವರು ತಮ್ಮ ಫಲಿತಾಂಶವನ್ನು ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ ಮಾಡಿ ಪ್ರಕಟಿಸಲಿ. ಎಷ್ಟು ತಡವಾಗಿ ಬಂದರು ಎಂಬುದೂ ಅದರಲ್ಲಿರಲಿ. ಮದುವೆ, ಮಕ್ಕಳು ಇನ್ನೂ ಮುಂದಿರುವ ಹುಡುಗಿಗೆ ಯಾವ ವಾಲ್ವ್ ಎಂದು ನಿರ್ಧರಿಸುವ ಮೊದಲು ಹೆರಿಗೆ ಡಾಕ್ಟರನ್ನೂ ಕೂರಿಸಿಕೊಂಡು ಮಾತಾಡಲಿ. ಇನ್ನು ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರ ಎದೆ ಬಡಿತ ಕೇಳಿ ನೋಡುವುದು ಒಮ್ಮೆಯೂ ತಪ್ಪಬಾರದು. ಸಂಶಯ ಬಂದರೆ ಎಕೋ ಮಾಡಿಸಲಿ. ಎಕೋಗೆ ಸೂಜಿ ಇಲ್ಲ, ನೋವಿಲ್ಲ, ಹೊಟ್ಟೆಯಲ್ಲಿರುವ ಮಗುವಿಗೂ ಏನೂ ಆಗುವುದಿಲ್ಲ.

ಮೀನಿನವರಿಗೆ ನಾನು ಇದನ್ನೆಲ್ಲ ಹೇಳಿ, ಡಾಕ್ಟರ ಹತ್ತಿರ ಕೇಳಬೇಕಾದದ್ದನ್ನು ಅಳತೆ ಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ. ಆದರೆ ನಿಮ್ಮ ಪೇಪರ್ ಓದಿ ಹೆದರಿದವರೆಲ್ಲ ನನ್ನ ಅಂಗಡಿಗೆ ಬರುವುದಿಲ್ಲ. ದಯವಿಟ್ಟು ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ, ಉಳಿದರ್ಧವನ್ನೂ ಬರೆಸಿ.

ಇತಿ,
ಓದುಗರಲ್ಲೊಬ್ಬಳು (ಹೆಸರು ಬೇಡ), ಕಾಪು, ಉಡುಪಿ ಜಿಲ್ಲೆ