ಈಗ ಬಲಗೈಯಲ್ಲಿರೋದು ಯಾವುದು?

ಚಿ. ಸಹನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಸರ್ಜರಿ ರೋಬೋಟ್‌ಗೆ ನೀನು ಬಿಡಿಸಿ ಕಳಿಸಿದ ಕನ್ಸೋಲ್ ನಕ್ಷೆಯನ್ನು, ಅಂದರೆ ಸರ್ಜನ್ ಕೂತು ರೋಬೋಟ್‌ನ ತೋಳುಗಳನ್ನು ಆಡಿಸುವ ಜಾಗದ ನಕ್ಷೆಯನ್ನು, ಎರಡು ಸಲ ನೋಡಿದೆ. ಮೂರು ಉಪಕರಣ, ಒಂದು ಕ್ಯಾಮೆರಾ, ಎರಡು ಹಿಡಿಕೆ, ಒಂದೊಂದು ಹಿಡಿಕೆಯ ಮೇಲೂ ಆರಾರು ಬಟನ್. ಬಿಡಿಸಿರೋದು ಅಚ್ಚುಕಟ್ಟಾಗಿದೆ. ಆದರೆ ಆ ಬಟನ್‌ಗಳನ್ನು ನೋಡಿಯೇ ನನ್ನ ಹೆಬ್ಬೆರಳು ನೋಯೋಕೆ ಶುರುವಾಯಿತು. ಫೋನಿನಲ್ಲಿ ಹೇಳೋಣ ಅಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಪತ್ರ.

ಮೊದಲು ನನ್ನದೇ ಒಂದು ಎಡವಟ್ಟು ಕೇಳು. ನಾನು ರೋಬೋಟ್ ಸರ್ಜರಿ ಕಲಿಯುತ್ತಿದ್ದ ಕಾಲ. ಹೊಲಿಗೆ ಹಾಕುತ್ತಿದ್ದದ್ದು, ಪುಣ್ಯಕ್ಕೆ, ಅಭ್ಯಾಸದ ರಬ್ಬರ್ ಮಾದರಿಗೆ. ಎಡಗೈಗೆ ಒಂದು ಇಕ್ಕಳ, ಬಲಗೈಗೆ ಸೂಜಿ ಹಿಡಿಯುವ ಇಕ್ಕಳ. ಮೂರನೆಯ ತೋಳು ರಬ್ಬರಿನ ಒಂದು ಪದರವನ್ನು ಎತ್ತಿ ಹಿಡಿದುಕೊಂಡು ಸುಮ್ನೆ ನಿಂತಿತ್ತು. ಆ ಪದರವನ್ನು ಚೂರು ಸರಿಸಬೇಕಾಯಿತು. ಪೆಡಲ್ ಒತ್ತಿ ಮೂರನೆಯದನ್ನು ಬಲಗೈಗೆ ತೆಗೆದುಕೊಂಡೆ, ಸರಿಸಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದವರು ಏನೋ ಕೇಳಿದರು, ಉತ್ತರ ಕೊಟ್ಟೆ. ಮತ್ತೆ ಸೂಜಿ ಎಳೆಯೋಣ ಅಂತ ಬಲಗೈ ಎಳೆದೆ. ಸೂಜಿ ಇದ್ದಲ್ಲೇ ಇತ್ತು. ಆ ಕಡೆ ಪದರ ಪರ್ರ್ ಅಂತ ಹರಿದುಹೋಯಿತು.

ಯಾವ ಉಪಕರಣ ಯಾವ ಕೈಯಲ್ಲಿದೆ ಅಂತ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚಿಹ್ನೆ ಸರಿಯಾಗೇ ತೋರಿಸುತ್ತಿತ್ತು. ನೋಡುವವರು ಯಾರು? ನನ್ನ ಕಣ್ಣು ಸೂಜಿಯ ಮೇಲಿತ್ತು. ಎಳೆತ ಕೈಗೆ ಗೊತ್ತಾಗಿದ್ದರೂ ತಡೆಯುತ್ತಿದ್ದೆನೇನೋ. ಆ ಯಂತ್ರದಲ್ಲಿ ಅದು ಕೈಗೆ ಬರುತ್ತಲೇ ಇರಲಿಲ್ಲ.

ನೋಡು, ಉಪಕರಣವನ್ನು ಆಡಿಸೋದು ಈಗ ಕಷ್ಟದ ವಿಷಯವಲ್ಲ. ಪುಟ್ಟ ತೂತುಗಳಿಂದ ಉದ್ದ ಉಪಕರಣ ಹಾಕಿ ಮಾಡುವ ಹಳೆಯ ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯ ತೂತೇ ತಿರುಗಣೆಯಾಗಿ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತಿತ್ತು. ರೋಬೋಟ್‌ನಲ್ಲಿ ಕಂಪ್ಯೂಟರ್ ಎಲ್ಲವನ್ನೂ ಕ್ಯಾಮೆರಾದ ನೋಟಕ್ಕೆ ಹೊಂದಿಸಿ ಲೆಕ್ಕ ಹಾಕುತ್ತದೆ. ಚಿತ್ರದಲ್ಲಿ ಎಡ ಅಂದರೆ ಕೈಗೂ ಎಡ. ಕೈ ಮೂರು ಸೆಂಟಿಮೀಟರ್ ಸರಿದರೆ ತುದಿ ಒಂದೇ ಸರಿಯುವಂತೆಯೂ ಮಾಡಬಹುದು. 1940ರ ದಶಕದ ಕೊನೆಗೆ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ಅನ್ನುವವರು ವಿಕಿರಣದ ವಸ್ತುಗಳನ್ನು ದೂರದಿಂದ ಮುಟ್ಟೋಕೆ ತೋಳು ಕಟ್ಟಿದರು. ಈ ಕಡೆ ಹಿಡಿಕೆ, ಗೋಡೆಯ ಆ ಕಡೆ ತೋಳು. ಒಂದು ಕೈಗೆ ಒಂದು ತೋಳು. ಯಾವುದು ನನ್ನದು ಅನ್ನುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಮಗೆ ತೋಳು ಮೂರಾಯಿತು, ಕೈ ಎರಡೇ ಉಳಿಯಿತು. ತೊಂದರೆ ಇರೋದು ಉಪಕರಣ ಕೈ ಬದಲಾಗುವ ಆ ಒಂದು ಕ್ಷಣದಲ್ಲಿ. ನಿನ್ನ ನಕ್ಷೆಯಲ್ಲಿ ಆ ಕ್ಷಣಕ್ಕೆ ಜಾಗವೇ ಇಲ್ಲ.

ಆ ಕ್ಷಣವನ್ನು ಬಿಡಿಸಿ ನೋಡೋಣ. ಮೂರನೆಯ ತೋಳು ಪದರವನ್ನು ಕಚ್ಚಿ ಹಿಡಿದಿದೆ. ನನ್ನ ಬೆರಳು ಅಗಲವಾಗಿ ತೆರೆದಿವೆ. ನಾನು ಪೆಡಲ್ ಒತ್ತಿದ ತಕ್ಷಣ ನೀನು ಉಪಕರಣವನ್ನು ಕೈಗೆ ಒಪ್ಪಿಸಿಬಿಟ್ಟರೆ ಇಕ್ಕಳದ ಬಾಯಿಯೂ ತೆರೆಯುತ್ತದೆ, ಹಿಡಿದದ್ದು ಬಿದ್ದುಹೋಗುತ್ತದೆ. ಹಾಗಾಗಬಾರದು. ನನ್ನ ಬೆರಳು ಇಕ್ಕಳದಷ್ಟೇ ಮುಚ್ಚಿಕೊಂಡು ಬರಲಿ, ಆಮೇಲೆ ಒಪ್ಪಿಸು. ಮಣಿಕಟ್ಟಿಗೂ ಇದೇ ಮಾತು. ತುದಿ ಯಾವ ಕಡೆ ಮುಖ ಮಾಡಿದೆಯೋ ಹಿಡಿಕೆಯೂ ಆ ಕಡೆ ತಿರುಗಿಕೊಳ್ಳಬೇಕು, ಮೋಟಾರ್ ಇದೆಯಲ್ಲ, ಅದು ಮಾಡಲಿ. ಕೈ ಮೇಜಿನ ಮೇಲೆ ಎಲ್ಲಿದೆ ಅನ್ನೋದು ಬೇರೆ ಇದ್ದರೆ ಪರವಾಗಿಲ್ಲ. ಮೌಸ್ ಎತ್ತಿ ಬೇರೆ ಕಡೆ ಇಟ್ಟ ಹಾಗೆ, ಹಿಡಿಕೆಗೂ ಉಪಕರಣಕ್ಕೂ ಇರುವ ಕೊಂಡಿಯನ್ನು ಚೂರು ಹೊತ್ತು ಬಿಡಿಸುವ ಕ್ಲಚ್ ಒತ್ತಿ ಸರಿಮಾಡಿಕೊಳ್ಳುತ್ತೇವೆ. ದಿಕ್ಕು ತಪ್ಪಿದರೆ ಮಾತ್ರ ತಲೆ ಕೆಡುತ್ತದೆ.

ಇನ್ನೊಂದು ಚಾಳಿ ನೀನು ಗಮನಿಸಿರಲಿಕ್ಕಿಲ್ಲ. ಕೈಯಲ್ಲಿರೋದು ಯಾವುದು ಅಂತ ಅನುಮಾನ ಬಂದರೆ ನಾವು ಹಿಡಿಕೆಯನ್ನು ಚೂರು ಅಲ್ಲಾಡಿಸಿ ನೋಡುತ್ತೇವೆ. ಅಲ್ಲಾಡಿದ್ದು ನಮ್ಮದು! ಪರದೆಯಲ್ಲಿ ಕಳೆದುಹೋದ ಮೌಸ್ ಬಾಣ ಹುಡುಕುವ ಹಾಗೆ. ಆ ತುದಿ ರಕ್ತನಾಳದ ಪಕ್ಕದಲ್ಲಿದ್ದರೆ ಈ ಆಟ ಬೇಡ, ಅಲ್ವಾ? ಸಂಕೇತ ಬರೋದು ತಡವಾದರಂತೂ ಇದು ಇನ್ನೂ ಕೆಡುತ್ತದೆ. 2001ರ ಸೆಪ್ಟೆಂಬರ್ 7ರಂದು ಸರ್ಜನ್ ಜಾಕ್ ಮಾರೆಸ್ಕೊ ನ್ಯೂಯಾರ್ಕ್‌ನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶ ತೆಗೆದಾಗ ತಡ ಸುಮಾರು 155 ಮಿಲಿಸೆಕೆಂಡ್. ಅಷ್ಟು ನಡೆಯುತ್ತದೆ. ಜಾಸ್ತಿ ಆದರೆ ಜನ ಒಂಚೂರು ಆಡಿಸಿ, ಕಾದು, ಮತ್ತೆ ಆಡಿಸುತ್ತಾರೆ. 1965ರಲ್ಲೇ ಫೆರೆಲ್ ಅನ್ನುವ ಸಂಶೋಧಕರು ಇದನ್ನು ಕಂಡುಕೊಂಡಿದ್ದರು. ಅಷ್ಟು ತಡದಲ್ಲಿ ಅಲ್ಲಾಡಿಸಿ ನೋಡಿದರೆ, ಉತ್ತರ ಬರುವಷ್ಟರಲ್ಲಿ ತುದಿ ಇನ್ನೆಲ್ಲೋ ಹೋಗಿರುತ್ತದೆ.

ಹಾಗಾಗಿ ಗುರುತನ್ನು ಮೂಲೆಯಲ್ಲಿ ಇಡಬೇಡ. ಉಪಕರಣದ ತುದಿಯ ಹತ್ತಿರವೇ, ಕೈ ಬದಲಾದಾಗ ಎರಡು ಕ್ಷಣ ಹೊಳೆದು ಮಾಯವಾಗಲಿ. ಸದಾ ಹೊಳೆಯುತ್ತಿದ್ದರೆ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಚಿತ್ರದಿಂದ ಆಚೆ ಹೋದ ಉಪಕರಣ ಯಾವ ಕಡೆ ಇದೆ ಅಂತ ಅಂಚಿನಲ್ಲಿ ತೋರಿಸು. ಡಾ ವಿಂಚಿ ಅನ್ನುವ ಸರ್ಜರಿ ರೋಬೋಟ್‌ನ ಎಸ್‌ಪಿ ಮಾದರಿಯಲ್ಲಿ ಮೂರು ಉಪಕರಣ, ಒಂದು ಕ್ಯಾಮೆರಾ ಎಲ್ಲವೂ 2.5 ಸೆಂಟಿಮೀಟರಿನ ಒಂದೇ ಕೊಳವೆಯಲ್ಲಿ ಹೋಗುತ್ತವೆ. ತುದಿಗಳು ಕಾಣುತ್ತವೆ, ಹಿಂದೆ ಅವುಗಳ ಮೊಣಕೈಗಳು ಗುದ್ದಾಡೋದು ಕಾಣಲ್ಲ. ಅಂಥ ಕಡೆ ತೋಳುಗಳ ಭಂಗಿಯ ಚಿತ್ರವೇ ಬೇಕು.

ಮೂರನ್ನೂ ಒಟ್ಟಿಗೆ ಆಡಿಸಬೇಕು ಅನ್ನುವ ಹಠವೂ ಬೇಡ. ಬಾಹ್ಯಾಕಾಶ ನಿಲ್ದಾಣದ ಡೆಕ್ಸ್‌ಟರ್ ಅನ್ನುವ ರೋಬೋಟ್‌ಗೆ ಎರಡು ತೋಳಿವೆ, ಒಂದು ಸಲಕ್ಕೆ ಒಂದನ್ನೇ ಆಡಿಸುತ್ತಾರೆ. ಕೆಲಸ ಏನೂ ನಿಂತಿಲ್ಲ. ಮತ್ತೆ, ಕ್ಯಾಮೆರಾ ತಿರುಗಿದ್ದಕ್ಕೆ ಎಡದ್ದು ಬಲಕ್ಕೆ ಬಂತು ಅಂತ ಕಂಪ್ಯೂಟರೇ ಕೈ ಅದಲುಬದಲು ಮಾಡಬಾರದು. ಕೇಳಲಿ. ನಾನು ಹೂಂ ಅಂದ ಮೇಲೆ ಮಾಡಲಿ.

ಮುಂದಿನ ಪರೀಕ್ಷೆಗೆ ಒಬ್ಬರನ್ನು ಕನ್ಸೋಲ್‌ನಲ್ಲಿ ಕೂರಿಸು. ಕೈ ಬದಲಾಯಿಸಿದ ಮೇಲೆ ಬೇಕಂತಲೇ ಮಾತಿಗೆ ಎಳೆ. ಆಮೇಲೆ ಪರದೆ ಮುಚ್ಚಿ ಕೇಳು: ಈಗ ಬಲಗೈಯಲ್ಲಿರೋದು ಯಾವುದು? ತಡವರಿಸಿದರೆ ಬೈಯಬೇಡ, ನಕ್ಷೆ ತಿದ್ದು.

ಆರು ಬಟನ್‌ಗಳಲ್ಲಿ ಎರಡನ್ನು ಉಳಿಸಿಕೊಂಡು ಹೊಸದನ್ನು ಕಳಿಸು. ಯಾವ ಎರಡು ಅಂತ ನಾನು ಹೇಳಲ್ಲ.

ಇಂತಿ,
ನಿನ್ನ ದೊಡ್ಡಮ್ಮ