ತಗ್ಗಿಗೆ ಮೋಟರ್ ಇಳಿಸದವರಿಗೆ ನಮಸ್ಕಾರ

ಹೋದ ವಾರ ನಮ್ಮೂರ ಕ್ವಾರಿ ತಗ್ಗಿನ ಕೊಂಬಿನ ಗೂಬೆಯ ಎರಡೂ ಮರಿ ಹಾರಿದವು. ಅದಕ್ಕೇ ಈ ಬರಹ.

ಬಾಗಲಕೋಟೆ ಜಿಲ್ಲೆಯ ನಮ್ಮ ಲೋಕಾಪುರದ ಕಡೆಯವರಿಗೆ ಕ್ವಾರಿ ತಗ್ಗು ಏನೆಂದು ಹೇಳಬೇಕಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು, ಒಳ್ಳೆ ಕಲ್ಲು ಮುಗಿದ ಮೇಲೆ ಬಿಟ್ಟು ಹೋದ ಹೊಂಡ. ಸುತ್ತ ಒಡಕು ಕಲ್ಲಿನ ದಿಬ್ಬ, ನಡುವೆ ಮಳೆನೀರು. ಆರು ವರ್ಷದ ಹಿಂದೆ ಅಲ್ಲಿ ಇದ್ದದ್ದು ಪ್ಲಾಸ್ಟಿಕ್, ಬಾಟಲಿ, ಬೀದಿನಾಯಿ. ಅಷ್ಟೇ.

ಮೊದಲ ನಮಸ್ಕಾರ ನನ್ನ ಸೋದರಮಾವನಿಗೆ. ಮಹಾರಾಷ್ಟ್ರದ ಚಂದ್ರಪುರದ ಕಡೆ ತೆರೆದ ಕಲ್ಲಿದ್ದಲು ಗಣಿಯಲ್ಲಿ ಡಂಪರ್ ಓಡಿಸಿ, ರಿಟೈರ್ ಆಗಿ ಊರಿಗೆ ಬಂದವರು. ಕಲ್ಲಿದ್ದಲು ಸಿಗುವ ಮೊದಲು ಮೇಲಿನ ಮಣ್ಣು, ಬಂಡೆ ಎಲ್ಲ ತೆಗೆದು ಗುಡ್ಡ ಹಾಕುತ್ತಾರೆ. ಅಲ್ಲಿಯವರು ಅದಕ್ಕೆ ಓಬಿ (ಓವರ್‌ಬರ್ಡನ್) ಅನ್ನುತ್ತಾರೆ. ಆ ಗುಡ್ಡಗಳ ಮೇಲೆ ಬಳ್ಳಾರಿ ಜಾಲಿ ಬೆಳೆದು, ಕಾಡುಹಂದಿ ಬಂದು, ಅವುಗಳ ಹಿಂದೆ ತಾಡೋಬಾ ಕಾಡಿನ ಕಡೆಯಿಂದ ಹುಲಿಯೂ ಬಂತಂತೆ. ರಾತ್ರಿ ಪಾಳಿಯಲ್ಲಿ ಡಂಪರ್ ಬೆಳಕಿಗೆ ಹುಲಿ ಕಂಡ ಕಥೆಯನ್ನು ಮಾವ ನೂರು ಸಲ ಹೇಳಿದ್ದಾರೆ. ಹುಲಿ ಪ್ರತಿ ಸಲ ಸ್ವಲ್ಪ ದೊಡ್ಡದಾಗುತ್ತದೆ, ಅದು ಬೇರೆ ಮಾತು.

ತಗ್ಗು ನೋಡಿ ಅವರು ಕೇಳಿದ್ದು ಒಂದೇ. "ಮ್ಯಾಲಿನ ಮಣ್ಣ ಎಲ್ಲಿ ಹಾಕ್ಯಾರ?" ಯಾರೂ ಎತ್ತಿಟ್ಟಿರಲಿಲ್ಲ. ಗಣಿ ತೋಡುವಾಗ ಮೇಲಿನ ಮಣ್ಣು ಬೇರೆ ತೆಗೆದಿಟ್ಟು, ಕೊನೆಗೆ ದಿಬ್ಬದ ಮೇಲೆ ಹರಡಬೇಕು. ಹುಲ್ಲಿನ ಬೀಜ, ಎರೆಹುಳು ಎಲ್ಲ ಅದರಲ್ಲೇ ಇರುತ್ತವೆ. ನಮ್ಮಲ್ಲಿ ಅದು ಇಲ್ಲದ್ದಕ್ಕೆ ಕೆರೆಯ ಹೂಳು ತಂದೆವು. ಹನ್ನೊಂದು ಟ್ರೇಲರ್ ಹೂಳು ಹೊಡೆದ ಟ್ರ್ಯಾಕ್ಟರ್ ಮಾಲೀಕರಿಗೆ ದೊಡ್ಡ ನಮಸ್ಕಾರ. ಡೀಸೆಲ್ ದುಡ್ಡು ಇನ್ನೂ ತಗೊಂಡಿಲ್ಲ.

ಮೊದಲ ಮಳೆಗೆ ಹುಲ್ಲು. ಆಮೇಲೆ ಬಾರಿ ಗಿಡ, ಬೇವು. ಮಣ್ಣಿನ ದಡದಲ್ಲಿ ಕಳ್ಳಿಪೀರ ಹಕ್ಕಿ ಬಿಲ ತೋಡಿತು. ನೀರಿಗೆ ಗುಳುಮುಳುಕ, ಮಿಂಚುಳ್ಳಿ ಬಂದವು. ಬೆಳಿಗ್ಗೆ ನವಿಲು, ಮೊಲ. ಯಡಹಳ್ಳಿಯ ಚಿಂಕಾರ (ಜಿಂಕೆಯಂಥ ಪ್ರಾಣಿ) ಧಾಮ ನಮ್ಮ ಮುಧೋಳ, ಬೀಳಗಿ ತಾಲೂಕಿನಲ್ಲೇ ಇರುವುದಕ್ಕೆ "ಚಿಂಕಾರ ಬಂತಾ?" ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ, ಬಂದಿಲ್ಲ. ಸುಮ್ನೆ ಸುಳ್ಳು ಯಾಕೆ?

ಆದರೆ ಜಾಸ್ತಿ ಋಣ ಇರುವುದು ಏನೂ ಮಾಡದವರದ್ದು. 2023ರ ಬರದಲ್ಲಿ ಪಕ್ಕದ ಹೊಲದ ಕಾಕಾನ ಕಬ್ಬು ಒಣಗುತ್ತಿತ್ತು. ತಗ್ಗಿನಲ್ಲಿ ಮೊಳಕಾಲುದ್ದ ನೀರಿತ್ತು. ಪೈಪು ದಂಡೆಯ ತನಕ ಬಂದದ್ದನ್ನು ನಾನೇ ನೋಡಿದ್ದೇನೆ. ಮರುದಿನ ಅದು ಮತ್ತೆ ಕಾಕಾನ ಮನೆ ಮುಂದೆ ಸುತ್ತಿ ಬಿದ್ದಿತ್ತು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ವರ್ಷ ಅವರ ಕಬ್ಬು ಅರ್ಧಕ್ಕರ್ಧ ಹೋಯಿತು. ಕಾಕಾ, ಎದುರಿಗೆ ಹೇಳಿದರೆ ಎದ್ದು ಹೋಗುತ್ತೀರಿ ಅಂತ ಇಲ್ಲಿ ಬರೆದೆ.

ಕುರಿ ಹಿಂಡನ್ನು ಎರಡು ಮಳೆಗಾಲ ಆಚೆ ದಾರಿಯಲ್ಲಿ ಹೊಡೆದವರಿಗೂ, ಈಜು ಬಿಟ್ಟ ಹುಡುಗರಿಗೂ ನಮಸ್ಕಾರ. ತಗ್ಗಿಗೆ ಕಸ ತುಂಬಿ ಮುಚ್ಚುವ ಮಾತೂ ಒಮ್ಮೆ ಬಂದಿತ್ತು. ಹೇಗೋ ತಪ್ಪಿತು, ಬಿಡಿ.

ಇನ್ನು ದಂಡೆ ಮನೆಯ ಅಜ್ಜಿ. ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ, ಬಂಡೆಯ ಚಾಚಿನ ಮೇಲೆ ಹಾಗೇ ಮೊಟ್ಟೆ ಇಡುತ್ತದೆ. ಕಲ್ಲೆಸೆದರೆ ಮುಗಿಯಿತು. ಅಪಶಕುನ ಅಂತ ಕಲ್ಲು ಹಿಡಿದು ಬಂದವರಿಗೆ ಅಜ್ಜಿ, "ಹೊಲದಾಗಿನ ಇಲಿ ತಿನ್ನೂ ಹಕ್ಕಿ ಅಪಶಕುನ ಹೆಂಗ ಆಗತೈತ್ರೋ?" ಎಂದು ಬೈದು ಕಳಿಸಿದರು.

ಇದನ್ನೆಲ್ಲ ನಿನ್ನೆ ಮಾವನಿಗೆ ಓದಿ ಹೇಳಿದೆ. "ಗೂಬಿಗೆ ಇಷ್ಟುದ್ದ ಬರದಿ? ಹುಲಿ ಬಂದ್ರ ಏನ್ ಮಾಡ್ತಿ?" ಎಂದರು.